ಹದಿನಾಲ್ಕನೇ ನಂಬರಿನ ಬೂಟು

ನೀರಾಟದ ಪಾರ್ಕಿಗೆ ಹೊರಡುವ ಜನ ತಲೆಗೆ ಟೋಪಿ ಹುಡುಕುತ್ತಾರೆ, ಮುಖಕ್ಕೆ ಬಳಿಯಲು ಕ್ರೀಮು ಹುಡುಕುತ್ತಾರೆ, ಫೋನಿಗೆ ಪ್ಲಾಸ್ಟಿಕ್ ಚೀಲ ಹುಡುಕುತ್ತಾರೆ. ಕಾಲಿನ ಗೊಡವೆಗೆ ಮಾತ್ರ ಯಾರೂ ಹೋಗುವುದಿಲ್ಲ. ಇಡೀ ದಿನ ಸುತ್ತಬೇಕಾದ ಆ ಬಡಪಾಯಿ ಕಾಲಿಗೆ ಬಾಗಿಲ ಹತ್ತಿರ ಏನು ಬಿದ್ದಿತ್ತೋ ಅದೇ ಗತಿ. ಮಧ್ಯಾಹ್ನದ ಹೊತ್ತಿಗೆ ಹಾಸುಗಲ್ಲು ಕಾದ ಹೆಂಚಾಗಿರುತ್ತದೆ. ಮೂರು ಗಂಟೆಗೆ ಮಳೆ ಹಿಡಿಯಿತೆಂದರೆ ಅದೇ ಕಲ್ಲಿನ ಮೇಲೆ ಪಾದ ಮುಳುಗುವಷ್ಟು ನೀರು. ಎರಡಕ್ಕೂ ಆಗಿಬರುವಂಥದ್ದು ಯಾವುದು ಎಂದು ಮನೆಯಲ್ಲೇ ಒಂದು ನಿಮಿಷ ಯೋಚಿಸುವವರು ನೂರಕ್ಕೊಬ್ಬರು ಸಿಕ್ಕರೆ ಹೆಚ್ಚು.

ಹೀಗಂತ ದಿನಾ ಗೊಣಗುತ್ತಿದ್ದವರು ದೋಣಿ ಸವಾರಿಯ ಕಟ್ಟೆಯ ಮಾಸ್ತರು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಇಪ್ಪತ್ತೆರಡು ವರ್ಷ ಒಂದು ಚಪ್ಪಲಿ ಅಂಗಡಿಯಲ್ಲಿ ಗಿರಾಕಿಗಳ ಕಾಲಬುಡದಲ್ಲಿ ಕೂತಿದ್ದು, ಆ ಅಂಗಡಿ ಮುಚ್ಚಿದ ಮೇಲೆ ಐವತ್ತರ ಹೊಸ್ತಿಲಲ್ಲಿ ಈ ಕೆಲಸಕ್ಕೆ ಸೇರಿದ್ದರು. ಕೆಲಸವೆಂದರೆ ಇಷ್ಟೇ: ಕಟ್ಟೆಯ ಅಂಚಿನ ಮೆಟ್ಟಿಲ ಮೇಲೆ ಕಣಕಾಲು ಮುಳುಗುವ ನೀರಿನಲ್ಲಿ ನಿಂತು ದೋಣಿ ಹಿಡಿಯುವುದು, ಇಳಿಯುವವರನ್ನು ಕೈ ಹಿಡಿದು ಇಳಿಸುವುದು, ಹತ್ತುವವರ ಕಾಲು ನೋಡುವುದು. ಹಿಂದೆ ಪಟ್ಟಿಯಿಲ್ಲದ ಚಪ್ಪಲಿ ದೋಣಿ ಹತ್ತುವ ಹಾಗಿಲ್ಲ. ಅದು ನೀರಿಗೆ ಬಿದ್ದು, ತೇಲಿಕೊಂಡು ಹೋಗಿ ಪಂಪಿನ ಜಾಲರಿಗೆ ಅಂಟಿಕೊಂಡರೆ ಅರ್ಧ ಗಂಟೆ ಸವಾರಿಯೇ ಬಂದ್.

ಆದರೆ ಮಾಸ್ತರು ಪಟ್ಟಿ ನೋಡಿ ಸುಮ್ಮನಾಗುವವರಲ್ಲ. ಮಿರಮಿರ ಮಿಂಚುವ ಚರ್ಮದ ಶೂ ಹಾಕಿಕೊಂಡು ಬಂದವನನ್ನು, "ಏನಪ್ಪಾ, ಇಂಟರ್ವ್ಯೂಗೆ ಹೊರಟಿದ್ದಾ? ಇದು ಒಂದು ಸಲ ನೆನೆದ್ರೆ ಒಣಗೋ ಹೊತ್ತಿಗೆ ಸೊಟ್ಟಗಾಗಿರತ್ತೆ, ಬಿಚ್ಚಿ ಕೈಲಿಟ್ಕೋ" ಎನ್ನುತ್ತಿದ್ದರು. ಬಟ್ಟೆ ಶೂ ಹಾಕಿದವಳಿಗೆ, "ಇದು ಒಣಗೋಕೆ ಮೂರು ದಿನ ಬೇಕು ತಾಯಿ, ಅಲ್ಲೀವರೆಗೆ ಮನೆಯೊಳಗೆ ಮಾತ್ರ ಬಿಟ್ಕೋಬೇಡಿ" ಎನ್ನುತ್ತಿದ್ದರು. ಎಲ್ಲೋ ಒಬ್ಬರು ಹಿಮ್ಮಡಿಗೆ ಪಟ್ಟಿಯಿದ್ದು, ಅಡಿಯಲ್ಲಿ ಆಳವಾದ ಗೀರುಗಳಿದ್ದು, ನೀರು ಬಂದ ಹಾಗೆ ಹೊರಟುಹೋಗುವ ದಪ್ಪ ರಬ್ಬರಿನ ಸ್ಯಾಂಡಲ್ ಹಾಕಿಕೊಂಡು ಬಂದರೆ ಮಾಸ್ತರಿಗೆ ಸ್ವಂತ ನೆಂಟರು ಬಂದಷ್ಟು ಖುಷಿ. ಅಂಥವರನ್ನು ತಾವೇ ಕೂರಿಸಿ, ಪಕ್ಕದವರಿಗೆ "ನೋಡ್ಕೊಳ್ಳಿ, ಹೀಗಿರಬೇಕು" ಎಂದು ತೋರಿಸುತ್ತಿದ್ದರು. ಮಾಸ್ತರು ಎಂಬ ಹೆಸರು ಬಂದದ್ದು ಹಾಗೆ.

ಪಾರ್ಕಿನಲ್ಲಿ ಎರಡು ಬ್ಯಾಚು. ಇವತ್ತು ಒಂದು ಬ್ಯಾಚು ಬೆಳಗಿನಿಂದ ಸಂಜೆಯವರೆಗೆ ದುಡಿದರೆ ನಾಳೆ ಅದಕ್ಕೆ ರಜೆ, ಇನ್ನೊಂದರ ಸರದಿ. ನೀರಿನಲ್ಲಿ ನಿಲ್ಲುವವರಿಗೆ ಕೊಡುವ ಗಂಬೂಟು ಮಾತ್ರ ಇಬ್ಬರಿಗೆ ಒಂದೇ ಜೊತೆ. ದಿನ ಬಿಟ್ಟು ದಿನ ಕಾಲು ಬದಲಾಗುತ್ತಿತ್ತೇ ಹೊರತು ಬೂಟು ಬದಲಾಗುತ್ತಿರಲಿಲ್ಲ. ಪಂಪು ಮನೆಯ ಹಿಂದಿನ ಗೂಡುಗಳಲ್ಲಿ ನಂಬರು ಹಾಕಿ ನಿಲ್ಲಿಸಿರುತ್ತಿದ್ದರು. ದೋಣಿ ಕಟ್ಟೆಯದು ಹದಿನಾಲ್ಕನೇ ನಂಬರು.

ಕೆಲಸಕ್ಕೆ ಸೇರಿದ ಮೊದಲ ಬೆಳಿಗ್ಗೆ ಮಾಸ್ತರು ಆ ಬೂಟಿನೊಳಗೆ ಕೈ ಹಾಕಿದರು. ಕಾಲಿಗಿಂತ ಮೊದಲು ಕೈ ಹಾಕಿ ನೋಡುವುದು ಅಂಗಡಿಯ ಅಭ್ಯಾಸ. ತುದಿಯಲ್ಲಿ ಉಂಡೆ ಮಾಡಿದ ಹಳೆಯ ಪತ್ರಿಕೆ ಸಿಕ್ಕಿತು. ಎರಡೂ ಬೂಟಿನಲ್ಲೂ ಇತ್ತು. ಮಾಸ್ತರು ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟರು.

ಬೇರೆ ಯಾರಾದರೂ ಆಗಿದ್ದರೆ ಕಸವೆಂದು ಎಸೆದು ಮುಂದಿನ ಕೆಲಸ ನೋಡುತ್ತಿದ್ದರು. ಮಾಸ್ತರಿಗೆ ಅದು ಕಸವಾಗಿ ಕಾಣಲಿಲ್ಲ. ಅಂಗಡಿಯಲ್ಲಿ ಪ್ರತಿ ಸಂಜೆ ಗಾಜಿನ ಕಪಾಟಿನ ಶೂಗಳಿಗೆಲ್ಲ ಅವರೇ ಕಾಗದ ತುಂಬಿಡುತ್ತಿದ್ದರು, ಮೂತಿ ಕುಸಿಯಬಾರದೆಂದು, ತೇವ ಹೀರಲೆಂದು. ಒಂದು ದಿನ ಮರೆತರೆ ಮಾಲೀಕರಿಂದ ಮಂಗಳಾರತಿ. ಹಾಗಾಗಿ ಅವರ ಲೆಕ್ಕದಲ್ಲಿ ಶೂವಿನೊಳಗೆ ಕಾಗದ ಇದೆಯೆಂದರೆ ಅದನ್ನು ಯಾರೋ ಪ್ರೀತಿಯಿಂದ ನೋಡಿಕೊಳ್ಳುತ್ತಿದ್ದಾರೆಂದೇ ಅರ್ಥ. ವಾಸನೆ ಹೊಡೆಯುವ ಈ ಕರಿ ರಬ್ಬರನ್ನೂ ಯಾರೋ ಒಬ್ಬರು ಗಾಜಿನ ಕಪಾಟಿನ ಶೂವಿನ ಹಾಗೆ ಕಾಣುತ್ತಿದ್ದಾರೆ, ನಾಳೆ ಕಾಲಿಡುವ ಅಪರಿಚಿತನಿಗಾಗಿ ಒಣಗಿಸಿ ಇಟ್ಟುಹೋಗಿದ್ದಾರೆ ಎಂದುಕೊಂಡರು. ಅಂಥ ಉಪಚಾರ ಅವರಿಗೆ ಜೀವಮಾನದಲ್ಲಿ ಯಾರೂ ಮಾಡಿರಲಿಲ್ಲ.

ಆ ಸಂಜೆ ಅವರು ಬೂಟನ್ನು ಬೋರಲು ಹಾಕಿ ನೀರಿಳಿಸಿ, ಒಳಗೆ ಬಟ್ಟೆಯಿಂದ ಒರೆಸಿ, ಒಣ ಕಾಗದವನ್ನು ಮಡಿಚಿ ಮಡಿಚಿ ತುದಿಯಲ್ಲಿ ಗಟ್ಟಿಯಾಗಿ ತುಂಬಿದರು. ಅಂಗಡಿಯವರು ತುಂಬುವ ರೀತಿಯೇ ಬೇರೆ, ಅದು ಅಲ್ಲಾಡುವುದಿಲ್ಲ. ಮರುದಿನದ ಮರುದಿನ ಬಂದು ನೋಡಿದರೆ ಕಾಗದ ಅಲ್ಲೇ ಇತ್ತು, ನೆನೆದು ಚಪ್ಪಟೆಯಾಗಿತ್ತು. ಮಾಸ್ತರು ಅದನ್ನು ತೆಗೆದು ದಿನವಿಡೀ ದುಡಿದು, ಸಂಜೆ ಹೊಸದನ್ನು ತುಂಬಿದರು. ಅದೇ ರೂಢಿಯಾಯಿತು. ಸೆಕೆಗೆ ಕಾಲು ಬೆವೆತು ಬೊಕ್ಕೆ ಏಳುತ್ತದೆಂದು ಆಮೇಲೆ ಒಳಗೆ ಪೌಡರನ್ನೂ ಉದುರಿಸತೊಡಗಿದರು. ಒಮ್ಮೆ ಎಡಗಾಲಿನದು ಸೋರುತ್ತಿತ್ತು. ಒಂದು ದಿನ ಬಿಟ್ಟು ಬಂದರೆ ತೂತಿಗೆ ಸೈಕಲ್ ಟ್ಯೂಬಿನ ತೇಪೆ ಅಚ್ಚುಕಟ್ಟಾಗಿ ಅಂಟಿಸಲಾಗಿತ್ತು. ಅವತ್ತು ಮಾಸ್ತರು ಯಾರ ಚಪ್ಪಲಿಯನ್ನೂ ಬೈಯಲಿಲ್ಲ.

ಎರಡು ತಿಂಗಳಾದ ಮೇಲೆ ಸ್ಟೋರಿನವನನ್ನು ಕೇಳಿದರು. ಹದಿನಾಲ್ಕನೇ ನಂಬರಿನಲ್ಲಿ ಇನ್ನೊಂದು ಬ್ಯಾಚಿನವರು ಯಾರು ಎಂದು, ಏನೋ ಕೇಳಬೇಕಲ್ಲ ಎಂದು ಕೇಳಿದ ಹಾಗೆ.

"ಒಬ್ರು ಹೆಂಗಸು, ಮಾಸ್ತರೇ. ಗಂಡ ಹೋಗಿ ಏಳೆಂಟು ವರ್ಷ ಆಯ್ತಂತೆ. ಮಾತು ಕಮ್ಮಿ, ಕೆಲಸ ಜಾಸ್ತಿ. ಯಾಕೆ, ಬೂಟೇನಾದ್ರೂ ಹಾಳು ಮಾಡಿದ್ರಾ?"

"ಛೆ, ಛೆ. ಸುಮ್ನೆ ಕೇಳಿದೆ."

"ಸುಮ್ನೆ ಕೇಳಿದ್ರಾ," ಎಂದು ಸ್ಟೋರಿನವನು ರಾಗ ಎಳೆದ. "ನಿಮಗೆ ಅವರು ನಾಳೆಯವರು. ಅವರಿಗೆ ನೀವು ನಾಳೆಯವರು. ಒಂದೇ ಬೂಟಲ್ಲಿ ನಿಂತ್ರೂ ಮುಖ ನೋಡೋ ಯೋಗ ಇಲ್ಲ."

ಅವನು ತಮಾಷೆಗೆ ಹೇಳಿದ. ಮಾಸ್ತರ ಮನಸ್ಸಿನಲ್ಲಿ ಮಾತ್ರ ಆಕೆಗೆ 'ನಾಳೆಯಾಕೆ' ಎಂಬ ಹೆಸರೇ ನಿಂತುಬಿಟ್ಟಿತು. ರಜೆಯ ದಿನ ಮನೆಯಲ್ಲಿ ಕೂತು ಮಳೆ ನೋಡುವಾಗ, ನಾಳೆಯಾಕೆ ಈಗ ಕಟ್ಟೆಯ ಮೇಲೆ ನಿಂತಿರಬೇಕು, ದೋಣಿಯ ಕಂಬಿ ಜಾರುತ್ತಿರಬೇಕು ಎನ್ನಿಸುತ್ತಿತ್ತು. ತಾನು ಇಲ್ಲದ ದಿನ ತನ್ನ ಹೆಜ್ಜೆಯ ಮೇಲೆ ಇನ್ನೊಂದು ಹೆಜ್ಜೆ ನಿಂತಿದೆ ಎಂಬುದೇ ಅವರಿಗೆ ದೊಡ್ಡದಾಗಿತ್ತು. ತಾಯಿಯ ಕಾಯಿಲೆ, ಅಂಗಡಿ, ಅಕ್ಕನ ಸಂಸಾರದ ತಾಪತ್ರಯ ಎಂದು ಮದುವೆಯ ವಯಸ್ಸು ಎತ್ತಲೋ ಸರಿದುಹೋಗಿತ್ತು. ಅದರ ಬಗ್ಗೆ ಅವರು ಕೊರಗಿದವರಲ್ಲ. ಈಗ ಈ ಇಳಿವಯಸ್ಸಿನಲ್ಲಿ ಒಬ್ಬರ ಕೈಯ ಕೆಲಸಕ್ಕಾಗಿ ದಿನ ಬಿಟ್ಟು ದಿನ ಕಾಯುವ ಹಾಗಾಗಿತ್ತು, ಮತ್ತು ಆ ಕಾಯುವಿಕೆ ನೋಯುತ್ತಿತ್ತು.

ಮನೆಯಲ್ಲಿದ್ದವಳು ಅಕ್ಕ ಒಬ್ಬಳೇ. ಕಿಟಕಿಯ ಪಕ್ಕ ಹೊಲಿಗೆ ಮಿಷನ್ ಹಾಕಿಕೊಂಡು ಕೂತವಳಿಗೆ ಬೀದಿಯದೂ ಗೊತ್ತು, ಮನೆಯದೂ ಗೊತ್ತು.

"ಏನೋ ಇದು, ತಿಂಗಳಿಗೆ ಮೂರು ಡಬ್ಬಿ ಪೌಡರ್? ಮುಖ ಏನೂ ಬೆಳ್ಳಗಾದ ಹಾಗೆ ಕಾಣಲ್ವಲ್ಲ."

"ಕಾಲಿಗೆ, ಅಕ್ಕ."

"ಯಾರ ಕಾಲಿಗೆ?"

ಮಾಸ್ತರು ಸ್ನಾನದ ಮನೆಗೆ ಹೋದರು. ಅಕ್ಕ ಮಿಷನ್ ತುಳಿಯುತ್ತಲೇ ನಕ್ಕಳು.

ಹದಿನಾಲ್ಕು ತಿಂಗಳು ಹೀಗೆ ನಡೆಯಿತು. ಆ ವರ್ಷದ ಮಳೆಗಾಲದಲ್ಲಿ ಕೆಲಸದವರ ಕಾಲು ಕೆಡತೊಡಗಿತು. ಹೊರಗೆ ಧಗೆ, ಬೂಟಿನೊಳಗೆ ಅದಕ್ಕಿಂತ ಧಗೆ, ಜೊತೆಗೆ ಇನ್ನೊಬ್ಬರ ಬೆವರು. ಮೂವರಿಗೆ ಬೆರಳ ಸಂದಿಯಲ್ಲಿ ಹುಣ್ಣಾಯಿತು. ಜಾರುಬಂಡೆಯ ಹತ್ತಿರ ಒಬ್ಬ ಕಾಲು ಉಳುಕಿಸಿಕೊಂಡ. ಮ್ಯಾನೇಜರು ಮಾಸ್ತರನ್ನು ಕರೆದು ಮೇಜಿನ ಮೇಲೆ ಮೂರು ಮಾದರಿ ಇಟ್ಟರು: ಹೊಸ ಗಂಬೂಟು, ಜಾಲರಿ ಬಟ್ಟೆಯ ಶೂ, ಹಿಮ್ಮಡಿ ಪಟ್ಟಿಯ ರಬ್ಬರ್ ಸ್ಯಾಂಡಲ್.

"ಚಪ್ಪಲಿ ವಿಷಯದಲ್ಲಿ ನಿಮಗಿಂತ ತಿಳಿದವರು ಇಲ್ಲಿ ಯಾರಿದ್ದಾರೆ? ಒಂದು ವಾರದಲ್ಲಿ ಬರೆದುಕೊಡಿ. ಗಂಬೂಟೇ ಸಾಕು ಅಂದ್ರೆ ಈಗಿನ ಥರ ಇಬ್ಬರಿಗೊಂದು ಜೊತೆ ನಡೀಲಿ. ಬೇರೆ ಯಾವುದಾದ್ರೂ ಅಂದ್ರೆ ಅವರವರ ಅಳತೆಗೆ ಒಬ್ಬೊಬ್ಬರಿಗೂ ಒಂದೊಂದು ಜೊತೆ ತರಿಸ್ತೀನಿ."

ಉತ್ತರ ಮಾಸ್ತರಿಗೆ ಆ ಕ್ಷಣವೇ ಗೊತ್ತಿತ್ತು. ಬಿಸಿಲೂ ಮಳೆಯೂ ಕೂಡಿದ ಜಾಗದಲ್ಲಿ, ಆಳವಿಲ್ಲದ ನೀರಿನಲ್ಲಿ ನಿಲ್ಲುವವರಿಗೆ ಸ್ಯಾಂಡಲ್ಲಿಗಿಂತ ಒಳ್ಳೆಯದಿಲ್ಲ. ನಿದ್ದೆಗಣ್ಣಿನಲ್ಲಿ ಕೇಳಿದ್ದರೂ ಹೇಳುತ್ತಿದ್ದರು. ಆದರೆ ಒಬ್ಬೊಬ್ಬರಿಗೊಂದು ಜೊತೆ ಬಂದರೆ ಹದಿನಾಲ್ಕನೇ ಗೂಡಿನಲ್ಲಿ ಎರಡು ಜೊತೆ ನಿಲ್ಲುತ್ತದೆ. ಅವರದು ಅವರಿಗೆ, ಇವರದು ಇವರಿಗೆ. ಆಮೇಲೆ ನಾಳೆಯಾಕೆಯ ಯಾವ ಸುದ್ದಿಯೂ ಇಲ್ಲ.

ಐದು ದಿನ ಮಾಸ್ತರು ಕಾಗದ ಪೆನ್ನು ಹಿಡಿದು ತಲೆ ಕೆರೆದುಕೊಂಡರು. ಆರನೇ ದಿನ, ಹೇಳಲು ನಾಚಿಕೆಯಾಗುತ್ತದೆ, 'ಗಂಬೂಟೇ ಉತ್ತಮ' ಎಂದು ಬರೆದು ಸಹಿ ಹಾಕಿ ಜೇಬಿನಲ್ಲಿಟ್ಟುಕೊಂಡರು. ಇಪ್ಪತ್ತೆರಡು ವರ್ಷದಲ್ಲಿ ಒಬ್ಬ ಗಿರಾಕಿಗೂ ಕಾಲಿಗಾಗದ್ದನ್ನು ಮಾರದ ಮನುಷ್ಯ ಬರೆದ ಮಾತು ಅದು.

ಅದನ್ನು ಕೊಡಲು ಹೊರಟಾಗ ಸ್ಟೋರಿನವನು ಎದುರಾದ. "ಇನ್ನೊಂದು ಬ್ಯಾಚಿನ ಪಟ್ಟಿ ಬಂದಿದೆ ಮಾಸ್ತರೇ. ಹೆಸರು, ಕಾಲಿನ ಅಳತೆ, ಏನಾದ್ರೂ ಹೇಳೋದಿದ್ರೆ ಅದು. ನಿಮಗೆ ತೋರಿಸಬೇಕಂತೆ."

ಮಾಸ್ತರ ಕಣ್ಣು ನೇರವಾಗಿ ಹದಿನಾಲ್ಕರ ಮೇಲೆ ಬಿತ್ತು. ಅಳತೆ: ನಾಲ್ಕು.

ಬೂಟು ಎಂಟನೇ ಸೈಜಿನದು. ಅದು ಮಾಸ್ತರ ಕಾಲಿಗೆ ಹೇಳಿ ಮಾಡಿಸಿದ ಹಾಗಿತ್ತು. ನಾಲ್ಕನೇ ಸೈಜಿನ ಕಾಲು ಅದರೊಳಗೆ ನಿಲ್ಲಬೇಕಾದರೆ ತುದಿಗೆ ಏನಾದರೂ ತುರುಕಲೇಬೇಕು. ಕಾಗದ ಒಣಗಿಸುವುದಕ್ಕಲ್ಲ. ಮೂತಿ ಕುಸಿಯದಿರಲೆಂದೂ ಅಲ್ಲ. ನಾಳೆ ಬರುವ ಯಾರಿಗಾಗಿಯೂ ಅಲ್ಲ. ಆಕೆ ಅದನ್ನು ಇಟ್ಟುಕೊಂಡು ದುಡಿದು, ಸಂಜೆ ತೆಗೆಯದೆ ಮನೆಗೆ ಹೋಗುತ್ತಿದ್ದಳು, ಅಷ್ಟೇ. ಒಬ್ಬ ಹೆಂಗಸಿನ ಕಾಲಿಗೆ ಆ ಬೂಟು ದೊಡ್ಡದಾಗುತ್ತದೆಂದು ಅಂಗಡಿಗೆ ಸೇರಿದ ಮೊದಲ ವಾರದ ಹುಡುಗನಿಗೂ ಹೊಳೆಯುತ್ತಿತ್ತು. ಮಾಸ್ತರಿಗೆ ಹೊಳೆಯಲಿಲ್ಲ, ಏಕೆಂದರೆ ಹೊಳೆಯುವುದು ಅವರಿಗೆ ಬೇಕಿರಲಿಲ್ಲ.

ಅಳತೆಯ ಪಕ್ಕದಲ್ಲಿ ದುಂಡಗಿನ ಅಕ್ಷರದಲ್ಲಿ ಆಕೆ ಬರೆದಿದ್ದಳು: 'ನನಗೆ ಹೊಸದು ಬೇಡ. ಈಗಿನ ಬೂಟೇ ಇರಲಿ. ಇನ್ನೊಂದು ಬ್ಯಾಚಿನವರು ನನ್ನ ಕಾಲಿಗೆ ಸರಿಯಾಗಿ ಕಾಗದ ಇಟ್ಟುಕೊಡುತ್ತಾರೆ.'

ಮಾಸ್ತರು ಆ ಸಾಲನ್ನು ಮೂರು ಸಲ ಓದಿದರು. ತಾವು ತಪ್ಪು ತಿಳಿದು ಮಾಡಿದ್ದನ್ನು ಆಕೆ ತನ್ನ ಕಾಲಿನ ಅಳತೆ ಅರಿತು ಮಾಡಿದ್ದೆಂದು ನಂಬಿದ್ದಳು. ಅವರು ಬೇಕೆಂದುಕೊಂಡದ್ದನ್ನೇ ಆಕೆಯೂ ಬೇಕೆಂದಿದ್ದಳು. ಜೇಬಿನಲ್ಲಿದ್ದ ಚೀಟಿ ಕೊಟ್ಟರೆ ಇಬ್ಬರ ಆಸೆಯೂ ನೆರವೇರುತ್ತಿತ್ತು.

ಆದರೆ ನೆನೆದ ಕಾಗದ ಚಪ್ಪಟೆಯಾಗಿ ಸಿಗುತ್ತಿದ್ದುದು ನೆನಪಾಯಿತು. ಮಧ್ಯಾಹ್ನದ ಮಳೆಯಲ್ಲಿ ಒಳಗೆ ನೀರು ಹೊಕ್ಕು ಕಾಗದ ಕರಗಿದ ಮೇಲೆ, ಆ ಪುಟ್ಟ ಕಾಲು ಅಷ್ಟು ದೊಡ್ಡ ಬೂಟಿನಲ್ಲಿ ಲೊಳಕ್ ಲೊಳಕ್ ಎನ್ನುತ್ತಾ, ಒಂದು ಕೈಯಲ್ಲಿ ದೋಣಿ, ಇನ್ನೊಂದು ಕೈಯಲ್ಲಿ ಯಾರದೋ ಮಗುವನ್ನು ಹಿಡಿದು ಪಾಚಿಗಟ್ಟಿದ ಮೆಟ್ಟಿಲ ಮೇಲೆ ನಿಂತಿರುವುದು ಅವರ ಕಣ್ಣಿಗೆ ಕಟ್ಟಿತು. ಹದಿನಾಲ್ಕು ತಿಂಗಳು ಬೀಳದೆ ಇದ್ದದ್ದು ಅದೃಷ್ಟ. ಮಾಸ್ತರು ಚೀಟಿ ಹರಿದು, ಸ್ಟೋರಿನವನ ಮೇಜಿನ ಮೇಲೇ ಇನ್ನೊಂದು ಬರೆದರು. ಎಲ್ಲರಿಗೂ ಸ್ಯಾಂಡಲ್, ಅವರವರ ಅಳತೆಗೆ. ಹದಿನಾಲ್ಕರ ಮುಂದಿನ ಸಾಲನ್ನು ಹೊಡೆದುಹಾಕಿ 'ನಾಲ್ಕನೇ ಸೈಜು ಕಡ್ಡಾಯ' ಎಂದು ಬರೆದರು.

ಹತ್ತು ದಿನದಲ್ಲಿ ಸ್ಯಾಂಡಲ್ ಬಂದವು. ಕಾಲಿಗೆ ಹಾಯಾಗಿತ್ತು, ಹುಣ್ಣು ಮಾಯಿತು, ಎಲ್ಲರೂ ಮಾಸ್ತರನ್ನು ಹೊಗಳಿದರು. ಮಾಸ್ತರು ಮಾತ್ರ ಬೆಳಿಗ್ಗೆ ಗೂಡಿನ ಮುಂದೆ ನಿಂತು ಪಕ್ಕದ ಪುಟ್ಟ ಜೊತೆಯನ್ನು ನೋಡಿ, ಮುಟ್ಟದೆ, ಕೆಲಸಕ್ಕೆ ಹೋಗುತ್ತಿದ್ದರು. ಮುಟ್ಟಲು ಈಗ ಯಾವ ನೆಪವೂ ಇರಲಿಲ್ಲ.

ಒಂದು ಸಂಜೆ ಸ್ಟೋರಿನವನು ಹೇಳಿದ: "ಹದಿನಾಲ್ಕರವರು ಕೇಳಿದ್ರು, ತಾವು ಬರೆದ ಸಾಲು ಯಾರು ಹೊಡೆದುಹಾಕಿದ್ದು ಅಂತ. ನೀವು ಅಂದೆ. ಹೋಗುವಾಗ, 'ಅವರಿಗೆ ಸಾಕಾಗಿದ್ರೆ ಸಾಕು ಅಂತ ಹೇಳಬಹುದಿತ್ತು' ಅಂದ್ರು. ಏನು ಸಾಕಾಯ್ತು ಮಾಸ್ತರೇ?"



ಮರುದಿನ ಅವರ ರಜೆ. ಕೆಲಸದವರಿಗೆ ತಿಂಗಳಿಗೊಂದು ಪಾಸು ಸಿಗುತ್ತಿತ್ತು. ಅವರು ಅದನ್ನು ಒಮ್ಮೆಯೂ ಬಳಸಿರಲಿಲ್ಲ. ಪಾಸು ತೆಗೆದಿಟ್ಟುಕೊಂಡು ಬಾಗಿಲಲ್ಲಿ ಮೂರು ಜೊತೆ ಸಾಲಾಗಿ ಇಟ್ಟು ನಿಂತರು. ಅಂಗಡಿ ಮುಚ್ಚಿದ ದಿನ ಮಾಲೀಕರು ಕೊಟ್ಟ, ಇನ್ನೂ ಹೊಸದಾಗಿಯೇ ಇದ್ದ ಚರ್ಮದ ಶೂ. ಒಂದು ಬಟ್ಟೆ ಶೂ. ಹಿಮ್ಮಡಿ ಸವೆದ ಹಳೆಯ ಸ್ಯಾಂಡಲ್. ಆಕಾಶ ಬೆಳಿಗ್ಗೆಯಿಂದಲೇ ಕಪ್ಪಾಗಿತ್ತು, ಸೆಕೆಗೆ ಗೋಡೆ ಬೆವರುತ್ತಿತ್ತು.

"ಊರಿಗೆಲ್ಲ ಬುದ್ಧಿ ಹೇಳ್ತೀಯ, ನಿನಗೊಂದು ಜೊತೆ ಆರಿಸೋಕೆ ಅರ್ಧ ಗಂಟೆನಾ?" ಎಂದಳು ಅಕ್ಕ.

"ಅಕ್ಕ, ಮೊದಲು ಕಾಲೇ ನೋಡ್ತಾರೆ."

ಅಕ್ಕ ಮಿಷನ್ ನಿಲ್ಲಿಸಿ ತಮ್ಮನ ಮುಖ ನೋಡಿದಳು. ಮತ್ತೆ ಕೀಟಲೆ ಮಾಡಲಿಲ್ಲ. "ಹಳೇದು ಹಾಕ್ಕೊಂಡು ಹೋಗು. ಜಾರಿ ಬಿದ್ರೆ ಇನ್ನೂ ನಾಚಿಕೆ," ಎಂದಳು.

ಮಳೆಗೆ ಪಾರ್ಕು ಬಿಕೋ ಎನ್ನುತ್ತಿತ್ತು. ದೋಣಿಯ ಸಾಲಿನಲ್ಲಿ ಇದ್ದವರು ಏಳೆಂಟು ಜನ. ಕಟ್ಟೆಯ ಅಂಚಿನಲ್ಲಿ ಹಳದಿ ಮಳೆಕೋಟು ಹಾಕಿ ನಿಂತಾಕೆ ಕುಳ್ಳಗಿದ್ದಳು. ಟೋಪಿಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಮಾಸ್ತರ ಸರದಿ ಬಂದಾಗ ತಲೆ ಎತ್ತದೆ ಕಾಲು ನೋಡಿ, "ಪಟ್ಟಿ ಇದೆ, ಹತ್ತಿ" ಎಂದಳು. ಮಾಸ್ತರು ಹತ್ತಿದರು. ದೋಣಿ ಹೊರಟಿತು.

ಒಂದು ಸುತ್ತಿಗೆ ಹನ್ನೊಂದು ನಿಮಿಷ. ಕಟ್ಟೆಗೆ ಮರಳಿದಾಗ ಆಕೆ ಕೈ ಚಾಚಿದಳು. "ಹುಷಾರು, ಜಾರತ್ತೆ." ನೀರಿನಲ್ಲಿ ನೆಂದು ಬೆರಳ ತುದಿಗಳು ಸುಕ್ಕಾಗಿದ್ದವು.

"ಹದಿನಾಲ್ಕನೇ ನಂಬರು," ಎಂದರು ಮಾಸ್ತರು. "ಇನ್ನೊಂದು ಬ್ಯಾಚು ನಾನು."

ಆಕೆ ಮುಖ ಎತ್ತಿದಳು. ಕಿವಿಯ ಬಳಿ ನರೆ, ದಣಿದ ದೊಡ್ಡ ಕಣ್ಣುಗಳು. "ಹಿಂದೆ ಜನ ಇದ್ದಾರೆ, ಇಳೀರಿ," ಎಂದಳು.

ಮಾಸ್ತರು ಇಳಿದು, ಕಂಬಿ ಸುತ್ತಿ ಬಂದು ಮತ್ತೆ ಸಾಲಿನಲ್ಲಿ ನಿಂತರು. ಹತ್ತುವಾಗ ಹೇಳಿದರು: "ನನಗೆ ಸಾಕಾಗಿರಲಿಲ್ಲ. ಅದನ್ನ ಹೇಳೋಕೆ ಬಂದೆ."

ಹನ್ನೊಂದು ನಿಮಿಷ. ಇಳಿಯುವಾಗ ಆಕೆಯ ಉತ್ತರ ಸಿದ್ಧವಾಗಿತ್ತು. "ಸಾಕಾಗದಿದ್ರೆ ಯಾಕೆ ಹೊಡೆದುಹಾಕಿದ್ರಿ? ಬೇಡ ಅಂತ ನಾನೇ ಬರೆದಿದ್ದೆನಲ್ಲ."

ಮತ್ತೆ ಸಾಲು, ಮತ್ತೆ ದೋಣಿ. "ನಾಲ್ಕನೇ ಸೈಜಿನ ಕಾಲಿಗೆ ಎಂಟನೇ ಸೈಜು ಹಾಕಿ ನೀರಲ್ಲಿ ನಿಲ್ಲೋದು ತಪ್ಪು. ನೀವು ಬಿದ್ದುಬಿಟ್ಟಿದ್ರೆ ನಾನು ಏನು ಮಾಡಬೇಕಿತ್ತು?"

ಆ ಸುತ್ತು ಮುಗಿದಾಗ ಆಕೆ ಕೈ ಹಿಡಿದು ಇಳಿಸಿ, ತಕ್ಷಣ ಬಿಡಲಿಲ್ಲ. "ಬೀಳಲಿಲ್ವಲ್ಲ. ಅಷ್ಟು ಗಟ್ಟಿಯಾಗಿ ಇಡ್ತಿದ್ರಿ. ನನ್ನ ಕಾಲಿನ ಅಳತೆ ಇವರಿಗೆ ಹೇಗೆ ಗೊತ್ತಾಯ್ತೋ ಅಂತ ದಿನಾ ಅಂದ್ಕೋತಿದ್ದೆ. ನಮ್ಮ ಮನೆಯವರಿಗೂ ಗೊತ್ತಿರಲಿಲ್ಲ ಅದು."

ಇಲ್ಲಿಗೆ ನಿಲ್ಲಿಸಬಹುದಿತ್ತು. ಆಕೆ ನಂಬಿದ ಮನುಷ್ಯನಾಗಿಯೇ ಮಾಸ್ತರು ಮನೆಗೆ ಹೋಗಬಹುದಿತ್ತು. ಸಾಲಿನಲ್ಲಿ ನಿಂತು ಅದನ್ನೇ ಯೋಚಿಸಿದರು. ಯೋಚಿಸಿ ಮುಗಿಸಲು ಸಾಲದಷ್ಟು ಚಿಕ್ಕ ಸಾಲು ಅದು. ದೋಣಿಗೆ ಒಂದು ಕಾಲಿಟ್ಟು, ಆಕೆಯ ಕಣ್ಣು ತಪ್ಪಿಸಿ ಹೇಳಿದರು:

"ಅಳತೆ ನನಗೂ ಗೊತ್ತಿರಲಿಲ್ಲ. ಮೊದಲ ದಿನ ಒಳಗೆ ಕಾಗದ ಇತ್ತು. ನೀವು ನನಗೋಸ್ಕರ ಇಟ್ಟಿದ್ದೀರಿ ಅಂದ್ಕೊಂಡೆ. ಅದಕ್ಕೇ ನಾನೂ ಇಟ್ಟೆ. ಅಳತೆ ಪಟ್ಟಿ ನೋಡೋವರೆಗೂ ಹಾಗೇ ಅಂದ್ಕೊಂಡಿದ್ದೆ."

ಆಕೆ ದೋಣಿಯನ್ನು ತಳ್ಳಿದಳು. ಮುಖದಲ್ಲಿ ಏನಿತ್ತೆಂದು ಮಳೆ ಕಾಣಗೊಡಲಿಲ್ಲ. ಆ ಹನ್ನೊಂದು ನಿಮಿಷ ಮಾಸ್ತರಿಗೆ ಅಂಗಡಿಯ ಇಪ್ಪತ್ತೆರಡು ವರ್ಷಕ್ಕಿಂತ ಉದ್ದವಾಯಿತು. ನಿಜ ಹೇಳಿ ಎಲ್ಲ ಕೆಡಿಸಿಕೊಂಡೆ, ಇನ್ನು ನಾಳೆಯಾಕೆಗೆ ನಾನು ಯಾರೂ ಅಲ್ಲ ಎಂದುಕೊಂಡರು. ಕಟ್ಟೆ ಕಂಡಾಗ ಕಂಬಿ ಹಿಡಿದು ಎದ್ದರು.

ಆಕೆ ಎರಡೂ ಕೈ ಚಾಚಿ ಇಳಿಸಿದಳು. "ಹಾಗಾದ್ರೆ ಇಬ್ಬರೂ ದಡ್ಡರೇ," ಎಂದಳು. ಅದು ನಗುವೋ ಅಳುವೋ ಗೊತ್ತಾಗಲಿಲ್ಲ. ಹಿಂದಿನ ದೋಣಿ ಬಂದು ಕಟ್ಟೆಗೆ ತಾಗಿತು, ಅದರಲ್ಲಿದ್ದವರು ಇಳಿಸಿ ಎಂದು ಕೂಗಿದರು. ಆಕೆ ಅತ್ತ ತಿರುಗಲಿಲ್ಲ.

"ನಾಳೆ ನಿಮ್ಮ ಡ್ಯೂಟಿ ಅಲ್ವಾ?"

"ಹೌದು."

"ಈ ತಿಂಗಳ ಪಾಸು ನನ್ನ ಹತ್ರಾನೂ ಇದೆ." ಟೋಪಿಯ ಅಂಚಿನ ನೀರು ಒರೆಸಿ ಕೇಳಿದಳು: "ಮಳೆ ಹೀಗೇ ಇದ್ರೆ ಏನು ಹಾಕ್ಕೊಂಡು ಬರಲಿ?"

ಸಾವಿರಾರು ಜನರಿಗೆ ಮಾಸ್ತರು ಉತ್ತರ ಹೇಳಿದ್ದ ಪ್ರಶ್ನೆ ಅದು. ಪಟ್ಟಿ, ಗೀರು, ರಬ್ಬರಿನ ದಪ್ಪ, ಎಲ್ಲ ಬಾಯಿಪಾಠ.

"ಏನಾದ್ರೂ ಹಾಕ್ಕೊಂಡು ಬನ್ನಿ," ಎಂದರು. "ಬಂದ್ರೆ ಸಾಕು."